ಪದಚರ್ಚೆ: ಬರೀ ‘ಪ್ರಾಸ’ ಅಂದರೆ ಯಾವ ಪ್ರಾಸ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗೆ ಅಂತ ಕತೆ, ಕವಿತೆ ಓದುವಾಗ ಬೇಕಾಗುವ ಪದಗಳ ಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಉಪಮೆ, ರೂಪಕ, ನಿರೂಪಕ ಎಲ್ಲ ಮುಗಿದವು. ‘ಪ್ರಾಸ’ದ ಹತ್ತಿರ ನಿಂತಿದ್ದೇನೆ.

ಈಗ ಯಾರನ್ನೇ ಕೇಳಿ, ಸಾಲುಗಳ ಕೊನೆ ಹೊಂದುವುದೇ ಪ್ರಾಸ ಅನ್ನುತ್ತಾರೆ. ಸಿನಿಮಾ ಹಾಡಿನಲ್ಲಿ, ಶಿಶುಗೀತೆಯಲ್ಲಿ, ಚುಟುಕದಲ್ಲಿ ಜಾಸ್ತಿ ಕಿವಿಗೆ ಬೀಳುವುದು ಅದೇ. ಛಂದಸ್ಸಿನ ಪುಸ್ತಕ ತೆಗೆದರೆ ಲೆಕ್ಕ ಬೇರೆ. ಅಲ್ಲಿ ಪ್ರಾಸ ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು. ಅದರ ಮುಂದಿನ ಸ್ವರ ಬದಲಾಗಬಹುದು. ಮೊದಲ ಅಕ್ಷರ ಮಾತ್ರ ಒಂದು ಸಾಲಿನಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ ಆಗುವಂತಿಲ್ಲ. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಆರು ಪ್ರಾಸಗಳನ್ನು ಹೇಳುವುದೂ ಇದರಲ್ಲೇ.

ಗದುಗಿನ ಭಾರತದ ಮೊದಲ ಪದ್ಯವನ್ನೇ ನೋಡಿ. ಆರು ಸಾಲುಗಳು ಶುರುವಾಗುವುದು ಹೀಗೆ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಎರಡನೇ ಅಕ್ಷರ ಎಲ್ಲ ಕಡೆಯೂ ವಕಾರ. ಮೊದಲನೆಯದು ಎಲ್ಲ ಕಡೆಯೂ ದೀರ್ಘ, ಅಂದರೆ ಗಜಪ್ರಾಸ. ಇನ್ನೂ ಚೆಂದದ ಸಂಗತಿ ಸಾಲಿನ ಕೊನೆಯಲ್ಲಿದೆ. ‘ರಾಜೀವ’ ಅನ್ನುವ ಪದವನ್ನು ಕುಮಾರವ್ಯಾಸ ನಡುವೆಯೇ ಮುರಿದಿದ್ದಾನೆ. ‘ರಾ’ ಮೇಲಿನ ಸಾಲಿನಲ್ಲಿ ಉಳಿದಿದೆ, ‘ಜೀವ’ ಕೆಳಗಿನ ಸಾಲಿಗೆ ಬಂದು ಪ್ರಾಸದ ಜಾಗದಲ್ಲಿ ಕೂತಿದೆ. ‘ಸುಧಾ’ದ ‘ಸು’ ಕೂಡ ಹಾಗೇ ಹಿಂದಿನ ಸಾಲಿನಲ್ಲಿದೆ. ಕಿವಿ ಸಾಲಿನ ಕೊನೆಗೆ ಕಾಯುವ ಪದ್ಯದಲ್ಲಿ ಹೀಗೆ ಪದ ಮುರಿಯುವುದು ಕಷ್ಟ ಅಲ್ವಾ? ಇಲ್ಲಿ ಕಿವಿ ಕಾಯುವುದು ಸಾಲಿನ ಶುರುವಿಗೆ. ಹಾಗಾಗಿ ಕೊನೆಗೆ ಅಷ್ಟು ಸ್ವಾತಂತ್ರ್ಯ ಸಿಕ್ಕಿದೆ. ಇದು ಗೊತ್ತಾದರೆ ಷಟ್ಪದಿ ಓದುವ ಖುಷಿಯೇ ಬೇರೆ. ಮಕ್ಕಳಿಗೆ ಅದು ತಪ್ಪಿಹೋಗಬಾರದು ಅಂತಲೇ ಇಷ್ಟು ಹಟ ಹಿಡಿದಿದ್ದೇನೆ.

ಕಗ್ಗದಲ್ಲೂ ಅಷ್ಟೇ. ಹುಲ್ಲಾಗು, ಕಲ್ಲಾಗು, ಬೆಲ್ಲ, ಎಲ್ಲರೊಳಗೆ. ಎಲ್ಲರಿಗೂ ಬಾಯಿಪಾಠ, ಆದರೆ ಅಲ್ಲಿರುವುದು ‘ಪ್ರಾಸ’ ಅಂತ ಹೇಳಿದರೆ ತುಂಬಾ ಜನ ಸಾಲಿನ ಕೊನೆಯಲ್ಲೇ ಹುಡುಕುತ್ತಾರೆ.

ನಿಜವಾದ ತೊಡಕು ಸಾಹಿತ್ಯ ಚರಿತ್ರೆಯ ಪಾಠದಲ್ಲಿ. ‘1911ರಲ್ಲಿ ಗೋವಿಂದ ಪೈ ಪ್ರಾಸ ಬಿಟ್ಟರು’ ಅನ್ನುವ ವಾಕ್ಯ ಎಲ್ಲ ನೋಟ್ಸ್‌ನಲ್ಲೂ ಇರುತ್ತದೆ. ಅವರು ಬಿಟ್ಟದ್ದು ಈ ಎರಡನೇ ಅಕ್ಷರದ ಕಟ್ಟು. ಅದನ್ನು ಬಿಡಿಸಿ ಹೇಳದಿದ್ದರೆ ಆಮೇಲಿನ ಕವಿತೆಗಳಲ್ಲಿ ಅಂತ್ಯಪ್ರಾಸ ಕಂಡಾಗ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಹಳೆಯ ಪ್ರಾಸವೂ ಆಗ ಪೂರ್ತಿ ಹೋಗಲಿಲ್ಲ. ಬಿ.ಎಂ.ಶ್ರೀಯವರ ‘ಕರುಣಾಳು ಬಾ ಬೆಳಕೆ’ಯಲ್ಲಿ ‘ಕರುಣಾಳು’ವಿಗೆ ‘ಇರುಳು’, ‘ಹೇಳಿ’ಗೆ ‘ಕೇಳಿದೊಡನೆಯೆ’ ಹೊಂದಿಕೊಂಡು ನಿಂತಿವೆ.

ಅನುಪ್ರಾಸದ ತಂಟೆಗೆ ಇಲ್ಲಿ ಹೋಗುವುದಿಲ್ಲ. ಅದು ಶಬ್ದಾಲಂಕಾರ, ಸಾಲಿನೊಳಗೆ ಒಂದೇ ಅಕ್ಷರ ಮತ್ತೆ ಮತ್ತೆ ಬರುವ ಸಂಗತಿ. ಹೆಸರು ಒಂದೇ ಥರ ಕೇಳಿಸುತ್ತದೆ, ಅಷ್ಟೇ.

ನನ್ನ ಮನಸ್ಸಿಗೆ ಬಂದದ್ದು ಇದು. ಪಟ್ಟಿಯಲ್ಲಿ ಬರೀ ‘ಪ್ರಾಸ’ ಅಂತ ಸುಮ್ನೆ ಬಿಡುವುದು ಬೇಡ. ‘ಆದಿಪ್ರಾಸ’ ಚಿಕ್ಕದು, ಬಳಕೆಯಲ್ಲೂ ಇದೆ. ಆದರೆ ‘ಆದಿ’ ಅಂದ ತಕ್ಷಣ ಮಕ್ಕಳ ಕಣ್ಣು ಮೊದಲ ಅಕ್ಷರಕ್ಕೆ ಹೋಗುತ್ತದೆ. ‘ದ್ವಿತೀಯಾಕ್ಷರ ಪ್ರಾಸ’ ಸರಿಯಾಗಿದೆ, ಸ್ವಲ್ಪ ಭಾರ. ‘ಎರಡನೇ ಅಕ್ಷರದ ಪ್ರಾಸ’ ಅಂತಲೇ ಬರೆದು, ಪಕ್ಕದಲ್ಲಿ ‘ಆದಿಪ್ರಾಸ ಅಂತಲೂ ಹೇಳುತ್ತಾರೆ’ ಅಂತ ಸೇರಿಸಿದರೆ ಹೇಗೆ? ಇನ್ನೊಂದಕ್ಕೆ ‘ಅಂತ್ಯಪ್ರಾಸ’ ಸಾಕು.

ಪಾಠ ಮಾಡುವವರು ತರಗತಿಯಲ್ಲಿ ಯಾವ ಮಾತು ಬಳಸುತ್ತೀರಿ, ದಯವಿಟ್ಟು ತಿಳಿಸಿ. ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ. ಯಕ್ಷಗಾನದ ಪದ್ಯಗಳಲ್ಲಿ ಈ ಪ್ರಾಸ ಇವತ್ತಿಗೂ ಗಟ್ಟಿಯಾಗಿದೆ. ಭಾಗವತರು, ಪ್ರಸಂಗ ಬರೆಯುವವರು ತಮ್ಮತಮ್ಮಲ್ಲಿ ಮಾತಾಡುವಾಗ ಇದನ್ನು ಬರೀ ‘ಪ್ರಾಸ’ ಅನ್ನುತ್ತಾರೋ, ಬೇರೆ ಹೆಸರು ಇದೆಯೋ?