ರೊಮಾನ್ಸೆ ಪ್ರಾಸ ಹುಡುಕುವ ಸ್ಕ್ರಿಪ್ಟ್ ತಪ್ಪು ಉತ್ತರ ಕೊಡುತ್ತಿದೆ

ಕೋಡುಬಳೆ_ಕೋಡರ್: ತಲೆ ಕೆಟ್ಟು ಹೋಗಿದೆ. ಸ್ಪ್ಯಾನಿಶ್ ರೊಮಾನ್ಸೆಗಳ (ಹಳೇ ಕಥನಗೀತೆಗಳ) ಸ್ವರಪ್ರಾಸ ಹುಡುಕೋಕೆ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ಸಾಲಿನ ಕೊನೆಯ ಒತ್ತಿನಿಂದ (ಉಚ್ಚರಿಸುವಾಗ ಜೋರು ಬೀಳುವ ಅಕ್ಷರದಿಂದ) ಮುಂದಕ್ಕೆ ಸ್ವರ ಮಾತ್ರ ಇಟ್ಟುಕೊಂಡು ವ್ಯಂಜನ ಬಿಟ್ಟುಬಿಡುತ್ತದೆ. ಅಬೆನಾಮಾರ್ ಅನ್ನೋ ರೊಮಾನ್ಸೆ ಹಾಕಿದೆ. 'ಕ್ರೆಸೀದಾ', 'ಮೆಂತೀರಾ' ಎರಡಕ್ಕೂ ಇ-ಆ, ಸರಿ. ಆದರೆ 'ಮೊರೆರೀಆ'ಗೆ ಎ-ಆ, 'ಆಬೀಆ'ಗೆ ಆ-ಆ ಬರುತ್ತಿದೆ! ಪದ್ಯದುದ್ದಕ್ಕೂ ಒಂದೇ ಪ್ರಾಸ ಇರಬೇಕು ಅಲ್ವಾ?

ಹಳೇ_ಓಲೆಗರಿ: ಸಾಲು ಎಣಿಸಿದ್ದು ತಪ್ಪಿದೆ. 8 ಅಕ್ಷರದ ಸಾಲುಗಳಲ್ಲಿ ಸಮ ಸಾಲಿಗೆ ಮಾತ್ರ ಪ್ರಾಸ. ಬೆಸ ಸಾಲು ಬಿಡಿ.

ಕೋಡುಬಳೆ_ಕೋಡರ್: ನಾಲ್ಕೂ ಸಮ ಸಾಲಿನ ಪದಗಳೇ ಸಾರ್.

ಹಳೇ_ಓಲೆಗರಿ: ಹಾಗಿದ್ದರೆ ಎಡಿಷನ್ ನೋಡಿ. ಕೆಲವರು ಜೋಡಿಸಿ 16 ಅಕ್ಷರದ ಸಾಲು ಮಾಡಿ ಅಚ್ಚು ಹಾಕುತ್ತಾರೆ. ಅದೇ ಸರಿ. ಹಳೇ ವೀರಗೀತೆಗಳ ಉದ್ದ ಸಾಲಿನಿಂದಲೇ ರೊಮಾನ್ಸೆ ಹುಟ್ಟಿದ್ದು ಅಂತ ಸ್ಪ್ಯಾನಿಶ್ ವಿದ್ವಾಂಸ ಮೆನೆಂದೆಸ್ ಪಿದಾಲ್ ವಾದ.

ಷಟ್ಪದಿ_ಶಾಪ್: ಬಾಯಲ್ಲಿ ಹಾಡಿದ್ದಕ್ಕೆ ಸಾಲು ಎಲ್ಲಿಂದ ಬಂತು? ಅದಿರಲಿ, ನಮ್ಮ ಕನ್ನಡದ ಆದಿಪ್ರಾಸಕ್ಕೆ ನಾನೊಂದು ಟೂಲ್ ಮಾಡಿದ್ದೇನೆ. ಸಾಲಿನ ಎರಡನೇ ಅಕ್ಷರದ ವ್ಯಂಜನ ನೋಡಿದರೆ ಮುಗೀತು. ಹಳೇ ಲ್ಯಾಪ್‌ಟಾಪಲ್ಲೂ ಪಟ್ ಅಂತ ಓಡುತ್ತೆ.

ಹಳೇ_ಓಲೆಗರಿ: ಹೇಗೆ ಮುಗೀತು? ಮೊದಲ ಅಕ್ಷರದ ಗುರು-ಲಘು ಯಾರು ನೋಡಬೇಕು?

ಚುಕ್ಕಿ_ಗೀಟು: ನಿಮ್ಮ ಜಗಳ ಆಮೇಲೆ. ಕೋಡುಬಳೆ ಅವರೇ, ಪದ್ಯವನ್ನು ಮೊದಲು ಕ್ಲೀನ್ ಮಾಡುತ್ತೀರಾ?

ಕೋಡುಬಳೆ_ಕೋಡರ್: ಎಲ್ಲರೂ ಮಾಡೋದೇ. ಚಿಹ್ನೆ ತೆಗೆದು ಯೂನಿಡಿಕೋಡ್‌ಗೆ (ಅಕ್ಷರಗಳನ್ನು ಸಾದಾ ಇಂಗ್ಲಿಷ್ ಅಕ್ಷರ ಮಾಡುವ ಪೈಥಾನ್ ಲೈಬ್ರರಿ) ಕೊಡುತ್ತೇನೆ. ಪದ ಸ್ವರದಲ್ಲಿ ಮುಗಿದರೆ ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು.

ಚುಕ್ಕಿ_ಗೀಟು: ಅಲ್ಲೇ ಇದೆ ನೋಡಿ. ಸ್ಪ್ಯಾನಿಶ್‌ನಲ್ಲಿ ಒತ್ತು ತೋರಿಸೋಕೆ 'ಇ' (í) ಮೇಲೆ ಹಾಕುವ ಗೀಟನ್ನು ಯೂನಿಡಿಕೋಡ್ ಅಳಿಸಿಬಿಡುತ್ತೆ. ಗೀಟಿದ್ದಾಗ ಆ-ಬೀ-ಆ, ಮೂರು ಅಕ್ಷರ, ಒತ್ತು 'ಬೀ' ಮೇಲೆ. ಗೀಟು ಹೋದರೆ ಇ, ಆ ಎರಡೂ ಕೂಡಿಕೊಂಡು ಆ-ಬ್ಯಾ ಆಗುತ್ತೆ, ಒತ್ತು ಹಿಂದಕ್ಕೆ ಜಾರುತ್ತೆ. ನಿಮಗೆ ಬಂದ ಆ-ಆ ಅದೇ. 'ಮೊರೆರೀಆ' ಕಥೆಯೂ ಇಷ್ಟೇ. ಮೊದಲು ಒತ್ತು ಗುರುತು ಮಾಡಿ, ಆಮೇಲೆ ಗೀಟು ತೆಗೆಯಿರಿ.

ಕೋಡುಬಳೆ_ಕೋಡರ್: ನಾಲ್ಕಕ್ಕೂ ಇ-ಆ ಬಂತು!! ಈಗ ಇನ್ನೊಂದು ಪದ್ಯದಲ್ಲಿ 'ಪಾಹಾರೊ'ಗೆ ಆ-ಆ-ಒ ಅಂತ ಮೂರು ಸ್ವರ ಕೊಡುತ್ತಿದೆ.

ಚುಕ್ಕಿ_ಗೀಟು: ಒತ್ತಿನದ್ದು, ಕೊನೆಯದ್ದು ಎರಡೇ ಸಾಕು. ನಡುವಿನದು ಲೆಕ್ಕಕ್ಕಿಲ್ಲ. ಆ-ಒ.

ಹಳೇ_ಓಲೆಗರಿ: ಅಂದಹಾಗೆ, 16 ಅಕ್ಷರದ ಎಡಿಷನ್ ಬೇಕಿದ್ದರೆ ಹೇಳಿ. ನನ್ನ ಹತ್ತಿರ ಎರಡಿವೆ, ಒಂದು ಗಟ್ಟಿ ರಟ್ಟಿನದು.