ಒರಾನಿಯಾದವರು ತಮ್ಮ ಪಾಡಿಗೆ ತಾವಿದ್ದರೆ ತಪ್ಪೇನು?

ಪ್ರಶ್ನೆ:
ದಕ್ಷಿಣ ಆಫ್ರಿಕಾದ ಒರಾನಿಯಾ ಬಗ್ಗೆ ವಿಡಿಯೋ ನೋಡಿದೆ. ಆಫ್ರಿಕಾನರ್ ಅನ್ನೋ, ಹೆಚ್ಚಾಗಿ ಡಚ್ ಮೂಲದ ಬಿಳಿಯರಷ್ಟೇ ಇರೋ ಊರು. ಕಸ ಗುಡಿಸೋದರಿಂದ ಹಿಡಿದು ಎಲ್ಲ ಕೆಲಸ ತಾವೇ ಮಾಡ್ಕೊಳ್ತಾರೆ. ಬ್ರಿಟಿಷರ ಕೈಲಿ ಇವರ ಹಿರಿಯರೂ ನರಳಿದ್ದಾರೆ. ಯಾರ ತಂಟೆಗೂ ಹೋಗದೆ ತಮ್ಮ ಭಾಷೆ ಉಳಿಸ್ಕೊಂಡ್ರೆ ತಪ್ಪೇನು?

ಉತ್ತರ 1:
ಭಾಷೆಗಾಗಿ ಅಂದ್ರೆ ನಂಬಲ್ಲ. ಅವರ ಭಾಷೆ ಆಫ್ರಿಕಾನ್ಸ್ ಮನೆಮಾತಾಗಿರೋರಲ್ಲಿ ಬಿಳಿಯರಿಗಿಂತ ಕಲರ್ಡ್ (ಮಿಶ್ರ ಮೂಲದ) ಸಮುದಾಯದವರೇ ಹೆಚ್ಚು. ಅವರಿಗೆ ಆ ಊರಲ್ಲಿ ಜಾಗ ಇಲ್ಲವಲ್ಲ!

ಉತ್ತರ 2:
ಸಾರ್, ನಾನು ಕೇಪ್‌ಟೌನ್‌ನಲ್ಲಿ ಕೆಲಸದಲ್ಲಿದ್ದವಳು. ನೀವು ಹೇಳಿದ ನರಳಾಟ ನಿಜ. 1899–1902ರ ಯುದ್ಧದಲ್ಲಿ ಬ್ರಿಟಿಷರ ಶಿಬಿರಗಳಲ್ಲಿ ಸುಮಾರು 28,000 ಬೋಯರ್ ಜನ, ಅಂದ್ರೆ ಆಫ್ರಿಕಾನರ್‌ಗಳ ಹಿರಿಯರು, ಸತ್ತರು, ಬಹುಪಾಲು ಮಕ್ಕಳು. ಕರಿಯರಿಗೆ ಬೇರೆ ಶಿಬಿರಗಳಿದ್ದವು, ಅಲ್ಲೂ 14,000ಕ್ಕೂ ಹೆಚ್ಚು ಸಾವು. ಬೋಯರ್ ಹೆಂಗಸರು, ಮಕ್ಕಳಿಗಾಗಿ ಬ್ಲೂಮ್‌ಫಾಂಟೇನ್‌ನಲ್ಲಿ ಸ್ಮಾರಕ ಎದ್ದಿದ್ದು 1913ರಲ್ಲಿ. ಅದೇ ವರ್ಷ ಭೂಕಾಯ್ದೆ ಬಂತು: ಬಹುಸಂಖ್ಯಾತ ಕರಿಯರಿಗೆ ದೇಶದ ನೆಲದಲ್ಲಿ ಶೇ. 7ರಷ್ಟು. ತಮ್ಮ ಮಕ್ಕಳನ್ನ ಕಳ್ಕೊಂಡ ದುಃಖ ಇನ್ನೊಬ್ಬರ ನೆಲ ಕಿತ್ಕೊಳ್ಳೋದನ್ನ ತಡೀಲಿಲ್ಲ, ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಇದಕ್ಕೇ.

ಒರಾನಿಯಾ ಕೂಡ ಖಾಲಿ ಬಯಲಲ್ಲ. 1960ರ ದಶಕದಲ್ಲಿ ನೀರಾವರಿ ಕಾಲುವೆ ಕೆಲಸದವರಿಗೆ ಸರ್ಕಾರ ಕಟ್ಟಿದ ಊರು. ಜನಾಂಗಗಳನ್ನ ಬೇರೆ ಬೇರೆ ಇಡೋ ಅಪಾರ್ಥೈಡ್ ನೀತಿಯ ಪ್ರಧಾನಿ ಫರ್ವೂರ್ಡ್. ಅವನ ಅಳಿಯ ಕಾರೆಲ್ ಬೋಶಾಫ್ ಮುಂದಾಳತ್ವದಲ್ಲಿ ಆಫ್ರಿಕಾನರ್‌ಗಳು ಊರನ್ನ ಕೊಂಡ್ಮೇಲೆ, ಅಲ್ಲಿ ಉಳಿದಿದ್ದ ಕಲರ್ಡ್ ಕುಟುಂಬಗಳನ್ನ ಎಬ್ಬಿಸಿದರು. ‘ಯಾರ ತಂಟೆಗೂ ಹೋಗದೆ’ ಅಂದ್ರಲ್ಲ, ಅಪಾರ್ಥೈಡ್ ಅಂದ್ರೆ ಒಳ್ಳೆಯ ನೆರೆಹೊರೆತನ ಅಂತ ಮಾವ ಫರ್ವೂರ್ಡ್ ಕೂಡ ಹೇಳ್ತಿದ್ದ.

ಕೇಪ್‌ಟೌನ್‌ನ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯ ಮ್ಯೂಸಿಯಂ ನೋಡಿ. 1966ರಲ್ಲಿ ಆ ಬಡಾವಣೆ ಬಿಳಿಯರದ್ದು ಅಂತ ಘೋಷಿಸಿ ಸುಮಾರು 60,000 ಜನರನ್ನ ಎತ್ತಂಗಡಿ ಮಾಡಿದರು. ಮ್ಯೂಸಿಯಂ ನೆಲದ ತುಂಬ ಹಳೇ ಬೀದಿಗಳ ನಕ್ಷೆ. ಅಲ್ಲಿದ್ದವರು ಬಂದು, ಬಗ್ಗಿ, ತಮ್ಮ ಮನೆ ಇದ್ದ ಕಡೆ ಹೆಸರು ಬರೆದಿದ್ದಾರೆ. ನಾನು ಆ ಹೆಸರುಗಳ ಮೇಲೆ ಕಾಲಿಡಲಾರದೆ ಅಂಚಲ್ಲೇ ನಡೆದೆ.

ಪ್ರಶ್ನೆ ಕೇಳಿದವರು:
ಮೇಡಂ, 1913ರ ವಿಷಯ ಗೊತ್ತಿರಲಿಲ್ಲ. ಆದ್ರೆ ಹೊರಗೆ ಕೊಲೆ, ಸುಲಿಗೆ ಜಾಸ್ತಿ ಅಂತಾರೆ. ಒರಾನಿಯಾದಲ್ಲೇ ಹುಟ್ಟಿದ ಮಕ್ಕಳು ಏನು ಮಾಡ್ಬೇಕು?

ಉತ್ತರ 2:
ಭಯ ಸುಳ್ಳಲ್ಲ ಸಾರ್, ರಾತ್ರಿ ನಾನೂ ಒಬ್ಬಳೇ ಓಡಾಡ್ತಿರಲಿಲ್ಲ. ಆದ್ರೆ ಗುಂಡೇಟಿಗೆ ಹೆಚ್ಚು ಸಾಯೋದು ಕೇಪ್‌ಟೌನ್ ಹೊರವಲಯದ ಕೇಪ್ ಫ್ಲಾಟ್ಸ್‌ನಲ್ಲಿ, ಡಿಸ್ಟ್ರಿಕ್ಟ್ ಸಿಕ್ಸ್‌ನವರನ್ನ ತಳ್ಳಿದ್ದೇ ಅಲ್ಲಿಗೆ. ಆ ಮಕ್ಕಳು ಊರು ಬಿಡ್ಬೇಕಿಲ್ಲ. ಕಾಲುವೆ ತೋಡಿದವರ ಮನೆಯವರು ಬಂದು ಮನೆ ಕೇಳಿದ್ರೆ, ಬಣ್ಣ ನೋಡದೆ ಕೊಡ್ಲಿ.