ಮೊದಲು ಬೇಸಿಕ್ಸಾ, ಸ್ವಂತ ಸ್ಟೈಲಾ?

ಹೊಸಬ: ಡಿಸೈನ್ ಫ್ರೀಲ್ಯಾನ್ಸಿಂಗ್ ಈಗಷ್ಟೇ ಶುರು ಮಾಡಿದ್ದೇನೆ. ಗ್ರಿಡ್, ಅಕ್ಷರದ ಅಳತೆ, ಬಣ್ಣದ ಲೆಕ್ಕ ಅಂತ ಕಲಿಯುತ್ತಾ ಕೂತರೆ ನನ್ನದೇ ಸ್ಟೈಲ್ ಬರುವುದು ಯಾವಾಗ? ಎಲ್ಲರ ಕೆಲಸವೂ ಒಂದೇ ಥರ ಆಗಿಬಿಡುತ್ತದೆ ಅಲ್ವಾ?

ಮಸಿಕುಡಿಕೆ: ಸ್ಟೈಲ್ ಇರಲಿ, ಫೈಲ್ ಪ್ರಿಂಟ್ ಆಗುತ್ತದಾ? ಮೊನ್ನೆ ಒಂದು ಬ್ರೋಷರ್ ರಿಪೇರಿಗೆ ಬಂತು. ಸ್ಕ್ರೀನ್ ಮೇಲೆ ಸೊಗಸಾಗಿತ್ತು. ಒಳಗೆ ನೋಡಿದರೆ ಎಲ್ಲ ಆರ್‌ಜಿಬಿ, ಅಂದರೆ ಸ್ಕ್ರೀನಿಗೆ ಬಳಸುವ ಬಣ್ಣ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆ ಬಿಡುವ ಹೆಚ್ಚುವರಿ ಅಂಚು, ಬಿಟ್ಟೇ ಇಲ್ಲ. ಆ ಮಿನುಗುವ ಹಸಿರು ಪ್ರಿಂಟಿಗೆ ಬಳಸುವ ನಾಲ್ಕು ಬಣ್ಣದ ಸಿಎಂವೈಕೆ ಇಂಕಿನಲ್ಲಿ ಬರುವುದೇ ಇಲ್ಲ, ಕಾಗದದ ಮೇಲೆ ಮಂಕಾಗಿತ್ತು. ಸುತ್ತ 3 ಮಿ.ಮೀ. ಜಾಸ್ತಿ ಬಿಡದೆ ಕತ್ತರಿಸಿದ್ದಕ್ಕೆ ಅಂಚಿಗೆಲ್ಲ ಬಿಳಿ ಗೆರೆ. ಮರುಮುದ್ರಣದ ಖರ್ಚು ಡಿಸೈನ್ ಮಾಡಿದವರ ತಲೆಗೇ ಬಂತು. ಕಂಪನಿಯಲ್ಲಾದರೆ ಸೀನಿಯರ್ ಯಾರಾದರೂ ಮೊದಲೇ ಹಿಡಿಯುತ್ತಿದ್ದರು. ನಮಗೆ ಯಾರಿದ್ದಾರೆ?

ಗೆರೆದಾಟು: ಇದೆಲ್ಲ ಒಂದು ಮಧ್ಯಾಹ್ನದಲ್ಲಿ ಕಲಿಯುವ ಚೆಕ್‌ಲಿಸ್ಟ್ ಕಣ್ರೀ. ಇದನ್ನು ತೋರಿಸಿ ವರ್ಷಗಟ್ಟಲೆ ಕಾಯಿರಿ ಅನ್ನುವುದು ಸುಮ್ನೆ ಹೆದರಿಸುವ ಮಾತು. ನೀರಿಗಿಳಿಯದೆ ಈಜು ಬರುತ್ತದಾ?

ಮಸಿಕುಡಿಕೆ: ಕಾಯಿರಿ ಅಂತ ಯಾರು ಹೇಳಿದರು? ಚೆಕ್‌ಲಿಸ್ಟ್ ಬೇಗ ಬರುತ್ತದೆ, ಕಣ್ಣು ಪಳಗಲು ಟೈಮ್ ಬೇಕು. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಡುತ್ತಾರೆ. ಒತ್ತಕ್ಷರ ಹೋಗಿ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೇಳಿದರೆ 'ಟೈಟ್ ಲುಕ್' ಅಂತೆ! ಬೇಕಂತಲೇ ಮುರಿದದ್ದಕ್ಕೂ ಗೊತ್ತಿಲ್ಲದೆ ಮುರಿದದ್ದಕ್ಕೂ ವ್ಯತ್ಯಾಸ ಕಾಣುತ್ತದೆ.

ಗೆರೆದಾಟು: ಅದು ಒಪ್ಪಿದೆ. ವೆಬ್‌ಸೈಟಿನಲ್ಲಿ ಬಿಳಿ ಮೇಲೆ ತಿಳಿ ಬೂದು ಅಕ್ಷರ ಹಾಕುವವರ ಮೇಲೆ ನನಗೂ ಸಿಟ್ಟಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕು ಅಂತ ವೆಬ್ ಎಲ್ಲರಿಗೂ ಬಳಸಲು ಬರುವಂತೆ ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟದಲ್ಲೇ ಇದೆ. ಆದರೆ ಬರೀ ನೀಟಾದ ಕೆಲಸ ತೋರಿಸಿದರೆ ಕ್ಲೈಂಟ್ ನಿಮ್ಮನ್ನೇ ಯಾಕೆ ಆರಿಸಬೇಕು?

ಲೆಕ್ಕದಕ್ಕ: ಇಬ್ಬರೂ ಒಂದು ಬೇಸಿಕ್ ಮರೆತಿರಿ. ಎಷ್ಟು ಸಲ ತಿದ್ದಿಕೊಡುತ್ತೀರಿ, ಅಡ್ವಾನ್ಸ್ ಎಷ್ಟು, ಸೋರ್ಸ್ ಫೈಲ್ (ತಿದ್ದಲು ಬರುವ ಮೂಲ ಫೈಲ್) ಸೇರಿದೆಯಾ, ಇಷ್ಟನ್ನು ಮೊದಲೇ ಬರೆದುಕೊಳ್ಳಿ. ಇಲ್ಲದಿದ್ದರೆ 'ಇನ್ನೊಂದು ಚೂರು ಬದಲಿಸಿ' ಮುಗಿಯುವುದೇ ಇಲ್ಲ. ಹೊಸ ಐಡಿಯಾಗೆ ಟೈಮ್ ಎಲ್ಲಿಂದ ತರುತ್ತೀರಿ?

ಹೊಸಬ: ಹಾಗಾದರೆ ಪ್ರಯೋಗ ಎಲ್ಲಿ ಮಾಡಲಿ?

ಲೆಕ್ಕದಕ್ಕ: ಸ್ವಂತ ಪ್ರಾಜೆಕ್ಟಿನಲ್ಲಿ. ಅದನ್ನೇ ಪೋರ್ಟ್‌ಫೋಲಿಯೊಗೆ ಹಾಕಿ.

ಗೆರೆದಾಟು: ನಾನು ಕ್ಲೈಂಟ್ ಕೆಲಸದಲ್ಲೂ ಮಾಡುತ್ತೇನೆ. ಕೇಳಿದ್ದನ್ನು ಸರಿಯಾಗಿ ಮುಗಿಸಿ, ಜೊತೆಗೆ ನನ್ನ ಇಷ್ಟದ್ದೊಂದು ಕಳಿಸುತ್ತೇನೆ.

ಮಸಿಕುಡಿಕೆ: ಎರಡನೆಯದನ್ನು ಬಿಟ್ಟಿ ಮಾಡಬೇಡಿ ಮಾರಾಯ್ರೆ. ಆಮೇಲೆ ಎಲ್ಲರ ಹತ್ತಿರವೂ ಅದನ್ನೇ ಕೇಳುತ್ತಾರೆ.